ಮಂಜು ಕುಡಿದ ಜೋಳ

ಮಲಪ್ರಭೆಯ ದಂಡೆಯಲ್ಲಿ ಸಂಗಯ್ಯನವರ ಆಶ್ರಮವಿತ್ತು. ಹಸಿದು ಬಂದವರಿಗೆಲ್ಲ ಅಲ್ಲಿ ರೊಟ್ಟಿ. ವರ್ಷಕ್ಕಾಗುವಷ್ಟು ಜೋಳವನ್ನು ಕಾಯುವ ಕೆಲಸ ಶಿಷ್ಯೆ ಹಂಪವ್ವನದು.

ಹಂಪವ್ವ ಮೈಗಳ್ಳಿಯಲ್ಲ. ಮಾಗಿಯ ಚಳಿಯಲ್ಲೂ ನಸುಕಿಗೇ ಎದ್ದು ಉಗ್ರಾಣದ ಕಿಟಕಿಗಳನ್ನು ತೆರೆಯುವಳು. ರಾಶಿಗೆ ಕೈಯಾಡಿಸುವಳು. ಬಿಸಿಲೇರುವ ಮೊದಲೇ ಎಲ್ಲ ಮುಚ್ಚಿ ಧ್ಯಾನಕ್ಕೆ ಕೂರುವಳು.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ರಾಶಿಯೊಳಗೆ ಕೈ ಹಾಕಿದರೆ ಕಾಳು ಬೆಚ್ಚಗಿತ್ತು. ಮುಗ್ಗಲು ವಾಸನೆ ಬೇರೆ. ಅವಳು ಅಳುತ್ತ ಗುರುಗಳ ಬಳಿ ಓಡಿದಳು.

“ಅಪ್ಪಾ, ಜೋಳ ಕೆಡುತ್ತಿದೆ! ಒಂದು ದಿನವೂ ತಪ್ಪದೆ ಗಾಳಿ ಕೊಟ್ಟಿದ್ದೇನೆ.”

“ಎಂಥ ಗಾಳಿ ಕೊಟ್ಟೆಯವ್ವಾ?”

“ಗಾಳಿಯಲ್ಲೂ ಎಂಥದು ಅಂತ ಇರುತ್ತದೆಯೇ?”

ಗುರುಗಳು ಎದ್ದು ಉಗ್ರಾಣಕ್ಕೆ ಬಂದರು. ಹೆಗಲ ಮೇಲಿನ ಒಣ ವಸ್ತ್ರವನ್ನು ಕಿಟಕಿಗೆ ತೂಗುಹಾಕಿದರು. ಹೊಳೆಯ ಮೇಲಿನ ಮಂಜು ಅದನ್ನು ಸವರಿಕೊಂಡು ಒಳಗೆ ಬರುತ್ತಿತ್ತು.

ತುಸು ಹೊತ್ತಿನ ಮೇಲೆ, “ಮುಟ್ಟಿ ನೋಡು” ಎಂದರು.

ಮುಟ್ಟಿದಳು. ವಸ್ತ್ರ ಒದ್ದೆಯಾಗಿತ್ತು.

ಹಂಪವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. “ಒಣಗಿಸುತ್ತೇನೆಂದು ದಿನಾ ನೀರು ಕುಡಿಸಿದೆನಲ್ಲಪ್ಪಾ!”

“ಗಾಳಿ ತನ್ನಲ್ಲಿದ್ದುದನ್ನು ಕೊಟ್ಟಿತು. ನಡುಮಧ್ಯಾಹ್ನ ಅದರ ಕೈ ಬರಿದಾಗಿರುತ್ತದೆ. ಆಗ ಕರೆ. ಕಾಳಿನ ಹಸಿಯನ್ನು ತಾನೇ ಬೇಡಿಕೊಂಡು ಒಯ್ಯುತ್ತದೆ.”

ಅಂದಿನಿಂದ ನಸುಕಿನಲ್ಲಿ ಕಿಟಕಿ ಮುಚ್ಚಿಯೇ ಇತ್ತು. ಮಧ್ಯಾಹ್ನ, ಹೊಲದ ಕಡೆಯಿಂದ ಒಣಗಾಳಿ ಎದ್ದಾಗ ತೆರೆಯಿತು. ಧ್ಯಾನವನ್ನೂ ಬಿಟ್ಟು ಹಂಪವ್ವ ಬೆವರು ಸುರಿಸುತ್ತ ರಾಶಿ ತಿರುವಿದಳು. ಮೂರನೆಯ ದಿನಕ್ಕೆ ಕಾಳು ತಣ್ಣಗಾಯಿತು. ಐದನೆಯ ದಿನಕ್ಕೆ ವಾಸನೆ ಹೋಯಿತು.

ಏಳನೆಯ ದಿನ ಒಂದು ಕಾಳನ್ನು ಬಾಯಿಗೆ ಹಾಕಿ ಕಡಿದಳು.

ಕಟಕ್!

ಹಂಪವ್ವ ಗಟ್ಟಿಯಾಗಿ ನಕ್ಕಳು. ಅಂಗಳದ ಗುಬ್ಬಿಗಳು ಹಾರಿಹೋಗುವಷ್ಟು ನಕ್ಕಳು. ಬಾಗಿಲಲ್ಲಿ ಗುರುಗಳು ನಿಂತಿದ್ದು ಕಂಡದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಗುವುದಕ್ಕೇನು ನಾಚಿಕೆ?”

“ಎಲ್ಲ ಬಿಟ್ಟು ಬಂದವಳು ನಾನು, ಅಪ್ಪಾ. ನನ್ನೊಳಗೆ ನಗು-ಅಳು ಪೂರ್ತಿ ಒಣಗಬೇಕು.” ಆಮೇಲೆ ರಾಶಿಯತ್ತ ತಿರುಗಿ ಕೇಳಿದಳು: “ಈ ಜೋಳವನ್ನೂ ಇನ್ನೊಂದು ತಿಂಗಳು ಒಣಗಿಸಲೇ?”

ಗುರುಗಳು ಒಂದು ಹಿಡಿ ಕಾಳು ತೆಗೆದು ಅವಳ ಉಡಿಗೆ ಹಾಕಿದರು.

“ಸಾಕು ಬಿಡವ್ವ. ಮುಂದೆ ಬಿತ್ತುವುದೂ ಇದನ್ನೇ. ಒಳಗೆ ಒಂದಿಷ್ಟು ಹಸಿ ಉಳಿಯದಿದ್ದರೆ ಮೊಳಕೆ ಎಲ್ಲಿಂದ ಬರಬೇಕು?”