ಹಲಗ ನಾಟಕದ ಬಾಗ್ಲು ಕಾದಿದ್ದು

ಈ ಕತೇನ ನನ್ನಂಗೆ ಹೇಳೋ ಗಂಡ್ಸು ಸುತ್ತ ಏಳ್ ಹಳ್ಳೀಲಿಲ್ಲ. ಕೆಮ್ಮೋರು ಈಗ್ಲೇ ಕೆಮ್ಕಳಿ!

ತಾಯಮ್ಮ ಅಂತ ಒಬ್ಳಿದ್ಲು. ಅವ್ಳಿಗೊಬ್ಬ ಮಗ, ಹಲಗ. ಆಳು ನೋಡುದ್ರೆ ಆಲದ ಮರ, ತಲೆ ನೋಡುದ್ರೆ ಸೋರೆ ಬುರುಡೆ. ಹಾಲು ನೋಡ್ಕೊ ಅಂದ್ರೆ, ಉಕ್ಕಿ ಒಲೆಗೆ ಸುರ್ದು ಮುಗಿಯೋಗಂಟ ನೋಡ್ತಾ ಕೂರೋನು.

"ಪೂರ್ತಿ ನೋಡ್ದೆ ಕಣವ್ವ!"

"ನನ್ ಹೊಟ್ಟೆ ಉರಿಸೋಕೇ ಹುಟ್ಟಿದ್ಯಲ್ಲೋ! ನಿಂಗ್ಯಾರ್ಲಾ ಹೆಣ್ಣು ಕೊಡ್ತಾರೆ?"

ತಾಯಮ್ಮನ ಅಣ್ಣ ಜವರಪ್ಪ. ಅವನ್ಗೆ ಒಬ್ಳೇ ಮಗ್ಳು, ಮಾದೇವಿ. ಊರ ಹೈಕಳ್ನ ಕಟ್ಕಂಡು ನಾಟಕ ಆಡ್ಸೋನು ಅವ್ನೇ, ಹಾಡು ಕಟ್ಟೋನು ಅವ್ನೇ, ರಾಜನ ಪಾರ್ಟೂ ಅವಂದೇ. ಆದ್ರೆ ಬೋ ಅನುಮಾನದ ಮನ್ಸ! ತನ್ ನೆಳ್ಳು ಹಿಂದೆ ಬಂದ್ರೂ "ಯಾಕ್ಲಾ ಬತ್ತಿದ್ದೀಯೆ?" ಅಂತ ತಿರುಗಿ ನೋಡೋನು. ಆ ವರ್ಸದ ನಾಟಕದಲ್ಲಿ ಒಂದು ಗುಟ್ಟಿತ್ತು. ರಾಜ ಸತ್ತೋದ ಅಂತ ಜನ ಅತ್ತು ಸಾಕಾದ್ಮೇಲೆ, ಕೊನೇ ಸೀನಲ್ಲಿ ಬೈರಾಗಿ ಗಡ್ಡ ಕೀಳ್ತಾನೆ. ನೋಡುದ್ರೆ ಅವ್ನೇ ರಾಜ! ಪಕ್ಕದ ಕಲ್ಲಳ್ಳಿಯೋರು ಇದನ್ನ ಕದ್ದು ಮೊದ್ಲೇ ಆಡ್ಬುಟ್ರೆ? ಅದ್ಕೇ ಹಳೇ ಗಿರಣಿ ಒಳ್ಗೆ, ಕಿಟಕಿಗೆಲ್ಲ ಗೋಣಿ ತುರುಕಿ ಪ್ರಾಕ್ಟೀಸು.

ತಾಯಮ್ಮ ಹೋಗಿ ಸೆರಗೊಡ್ಡುದ್ಲು. "ಅಣ್ಣಯ್ಯ, ಮಾದೇವಿನ ನನ್ ಮಗನ್ಗೆ ಕೊಡು."

"ನಾಟಕ ಮುಗಿಯೋಗಂಟ ಗಿರಣಿ ಬಾಗ್ಲು ಕಾಯ್ಲಿ. ಕಾದ್ರೆ ಹೆಣ್ಣು, ಇಲ್ದಿದ್ರೆ ಮಣ್ಣು!" ಅಂದ ಜವರಪ್ಪ. ಹಲಗನ್ನ ಕರ್ದು, "ಪಾರ್ಟಿಲ್ದೋನ್ನ ಒಳಿಕ್ಕೆ ಬುಡ್ಬ್ಯಾಡ. ಒಳ್ಗೆ ನಡ್ಯೋದ ಈ ಊರಲ್ಲಿ ಒಬ್ಬ ನರಮನ್ಸನ್ಗೂ ಹೇಳ್ಬ್ಯಾಡ. ತಿಳೀತಾ?"

"ತಿಳೀತು ಮಾವ!"

ಮಾರನೇ ದಿನ ಹಾರ್ಮೋನಿಯಂ ಪೆಟ್ಟಿಗೆ ಹೊತ್ಕಂಡು ಚೆನ್ನಿಗಪ್ಪ ಮೇಷ್ಟ್ರು ಬಂದ್ರು.

"ನಿಂದೇನು ಪಾರ್ಟು?"

"ನಂಗ್ಯಾವ ಪಾರ್ಟ್ಲಾ? ನಾನು ಪೆಟ್ಟಿಗೆ ಬಾರ್ಸೋನು."

"ಪಾರ್ಟಿಲ್ವಾ? ನಡಿ ಆಚೆ!" ಕತ್ತು ಹಿಡ್ದು ನೂಕ್ದ ನೋಡು, ಮೇಷ್ಟ್ರು ತಿಪ್ಪೆ ಮ್ಯಾಲೆ!

ಒಳ್ಗೆ ಜವರಪ್ಪ ಕಾದೂ ಕಾದೂ, "ಮೇಷ್ಟ್ರು ಕಲ್ಲಳ್ಳಿ ಕಡೆ ಸೇರ್ಕಂಡ್ರಾ?" ಅಂತ ಹಲ್ಲು ಕಡೀತಿದ್ದ. ಇಸ್ಯ ತಿಳೀತು. "ಲೇ ಕ್ವಾಣ! ಪೆಟ್ಟಿಗೆ ಹೊತ್ಕಂಡ್ ಬಂದೋರ್ಗೆ ಕೈ ಮುಗ್ದು ಒಳಿಕ್ಕೆ ಕರ್ಕಂಡ್ ಬರ್ಬೇಕು!"

"ಆಯ್ತು ಮಾವ!"

ಮಾರನೇ ದಿನ ದಾರೀಲಿ ಒಬ್ಬ ಜೇನು ಪೆಟ್ಟಿಗೆ ಹೊತ್ಕಂಡು ಹೋಯ್ತಿದ್ದ. ಹಲಗ ಕೈ ಮುಗ್ದ. ಬ್ಯಾಡ ಬ್ಯಾಡ ಅಂದ್ರೂ ಎಳ್ಕಂಡ್ ಬಂದು ನಡೂ ಮಧ್ಯೆ ಕೂರ್ಸಿ, "ಬಾರ್ಸಿ ಸಾಮಿ!" ಅಂತ ತಾನೇ ಮುಚ್ಚಳ ತೆಗ್ದ.

ಬಂತು ನೋಡಪ್ಪಾ ಸಂಗೀತ! ರಾಣಿ ಪಾರ್ಟಿನ ಸಿದ್ಲಿಂಗ ಸೀರೆ ಮ್ಯಾಕೆತ್ಕಂಡು ಕೆರೆಗೆ ಹಾರ್ದ. ಮಂತ್ರಿ ಗೋಣಿ ಒಳ್ಗೆ. ಜವರಪ್ಪನ ಮೂಗು ಬದ್ನೆಕಾಯಿ!

"ಮ್ಯಾಲ್ಗಡೆ ನೋಡಿ ನಂಬ್ತಾರೇನ್ಲಾ? ಯಾವ ಪೆಟ್ಟಿಗೆ ಬಂದ್ರೂ ಬಿಚ್ಚು, ಒಳ್ಗೇನೈತೆ ಅಂತ ನೋಡು!"

"ಆಯ್ತು ಮಾವ!"

ಮಾರನೇ ದಿನ ಹಾರ್ಮೋನಿಯಂ ಬಂತು. ಹಲಗ ಕುಡ್ಲು ತಗಂಡು ಸರ್ರಂತ ಬಿಚ್ದ.

"ಮಾವ, ನೋಡ್ದೆ! ಗಾಳಿ ಬುಟ್ರೆ ಏನೂ ಇಲ್ಲ!"

ಚೆನ್ನಿಗಪ್ಪ ಮೇಷ್ಟ್ರು ತಲೆ ಮ್ಯಾಲೆ ಕೈ ಹೊತ್ಕಂಡು ಕೂತ್ರು. ಜವರಪ್ಪ ಕೋಲು ಹುಡುಕ್ತಿದ್ದ. ಅಷ್ಟ್ರಲ್ಲಿ ಹೊರ್ಗಡೆ ಒಂದು ಹಾಡು ಕೇಳುಸ್ತು. ಕಲ್ಲಳ್ಳಿ ದನ ಕಾಯೋರು ಹಾಡ್ಕಂಡ್ ಹೋಯ್ತಾವ್ರೆ: "ಕಾವಿ ಒಳ್ಗೆ ಕಿರೀಟ ಐತೆ, ತಂಗ್ಯವ್ವಾ..."

ಜವರಪ್ಪ ಕಟ್ಟಿದ್ ಕೊನೇ ಸೀನಿನ ಹಾಡು! ಕೋಲು ಹುಡ್ಕೋದ ಅಲ್ಲೇ ಬುಟ್ಟ. ಗುಟ್ಟು ಬಿಟ್ಟೋನು ಯಾವನು? ಸಿದ್ಲಿಂಗನಾ? ಅವನ್ ಹೆಂಡ್ತಿ ಕಲ್ಲಳ್ಳಿಯೋಳು! ಮೇಷ್ಟ್ರಾ? ಆವಯ್ಯ ಸುಮ್ಸುಮ್ಕೆ ನಗ್ತಾನೆ! ಮಂತ್ರಿನಾ? ಆವಯ್ಯ ನಗೋದೇ ಇಲ್ಲ! ಮನೇಗೋಗಿ ಹೆಂಡ್ತಿ ಮುದ್ದೆ ಇಕ್ಕುದ್ರೂ, "ಇವತ್ತೇನು ಇಷ್ಟು ದಪ್ಪ ಮುದ್ದೆ?" ಅಂದ!

ಹಲಗನ್ನ ಕರ್ದು ಕಿವೀಲಿ ಹೇಳ್ದ. "ಪೆಟ್ಟಿಗೆ ಬುಡು, ಮೊಕ ನೋಡು. ಕಲ್ಲಳ್ಳಿಯೋರು ಕಳ್ಳ ಗಡ್ಡ ಕಟ್ಕಂಡ್ ಬತ್ತಾರೆ. ಕಂಡ್ರೆ ಕಿತ್ತು ಊರ್ಗೆಲ್ಲ ಮೊಕ ತೋರ್ಸು. ಇದೊಂದು ಮಾಡು, ಮಾದೇವಿ ನಿಂಗೇ!"

"ಆಯ್ತು ಮಾವ!"

ನಾಟಕದ ದಿನ ಬಂತು. ಹಾರ್ಮೋನಿಯಂಗೆ ತ್ಯಾಪೆ ಹಾಕಿದ್ರು, ಅದು ಕೆಮ್ಕಂಡೇ ಸುರ್ತಿ ಹಿಡೀತು. ಪರ್ದೆ ಎದ್ತು. ರಾಜ ಸತ್ತ. ಹೆಂಗಸ್ರು ಸೆರಗು ಕಣ್ಣಿಗೊತ್ಕಂಡ್ರು. ಬೈರಾಗಿ ಬಂದು ಇನ್ನೂ ಒಂದು ಮಾತಾಡಿಲ್ಲ, ಹಲಗ ಜನದ ತಲೆ ಮ್ಯಾಲಿಂದ ಹಾರ್ಕಂಡ್ ಬಂದ!

"ಸಿಕ್ದ ಕಣ್ರಪ್ಪೋ ಕಳ್ಳ!" ಗಡ್ಡ ಕಿತ್ತು, ಗಲ್ಲ ಹಿಡ್ದು ಎಲ್ಲಾ ಕಡೀಕೂ ಮೊಕ ತಿರುಗ್ಸಿದ.

ಜನ ಕೂಗುದ್ರು. "ಅಯ್ಯ, ರಾಜ ಸತ್ತೇ ಇಲ್ಲ! ಏಳ್ರಪ್ಪಾ, ನಾಟಕ ಮುಗೀತು!" ಚಾಪೆ ಸುತ್ಕಂಡು ಹೊಂಟೇಬುಟ್ರು.

ಜವರಪ್ಪ ಅರ್ಧ ಮೀಸೇಲಿ ನಿಂತಿದ್ದ. ತಾಯಮ್ಮ ಮೆಲ್ಗೆ ಬಂದ್ಲು.

"ಅಣ್ಣಯ್ಯ, ನಾಟಕ ಮುಗಿಯೋಗಂಟ ಕಾಯ್ಲಿ ಅಂತ ನೀನೇ ಅಂದಿದ್ದೆ. ಮುಗೀತಲ್ಲ!"

ಪರ್ದೆ ಹಿಂದ್ಗಡೆ ಮಾದೇವಿ ಬಿದ್ದೂ ಬಿದ್ದೂ ನಗ್ತಾವ್ಳೆ. "ಅಪ್ಪಯ್ಯ, ನಂಗೆ ಇವ್ನೇ ಇರ್ಲಿ!"

ಆಡಿದ ಮಾತು, ಏನ್ಮಾಡ್ತಾನೆ? ಜವರಪ್ಪ ಹಣೆ ಚಚ್ಕಂಡ. "ಕೊಡ್ತೀನಿ. ಆದ್ರೆ ಲೇ, ಈ ಸುದ್ದಿ ಈ ಊರಲ್ಲಿ ಒಬ್ರಿಗೂ ಹೇಳ್ಬ್ಯಾಡ!"

"ಆಯ್ತು ಮಾವ!" ಹಲಗ ಟವಲ್ ಕೊಡವಿ ಹೆಗ್ಲಿಗಾಕಂಡು ಹೊಂಟ.

"ಎಲ್ಲಿಗ್ಲಾ?"

"ಕಲ್ಲಳ್ಳಿಗೆ! ಈ ಊರಲ್ಲಿ ಹೇಳ್ಬ್ಯಾಡ ಅಂದ್ರಲ್ಲ ಮಾವ? ದಿನಾ ಪ್ರಾಕ್ಟೀಸ್ ಮುಗುದ್ಮೇಲೆ ನಾನು ಅಲ್ಲಿಗೇ ಹೋಗಿ ಹೇಳ್ಬತ್ತಿದ್ದಿದ್ದು!"