ಗುಜರಿಗೆ ಹೊರಟ ಕಂಪ್ಯೂಟರ್

ಫ್ಯಾನು ಕೆಟ್ಟ ಹಳೆಯ ಕಂಪ್ಯೂಟರೊಂದು ತನ್ನನ್ನು ಹೆತ್ತ ಕಂಪನಿಯ ಸರ್ವಿಸ್ ಸೆಂಟರಿಗೆ ಆಸೆಯಿಂದ ಬಂತು. ಕೌಂಟರಿನ ಮೇಲೆ ಮೆರೆಯುತ್ತಿದ್ದ ಹೊಸ ಲ್ಯಾಪ್‌ಟಾಪ್ ಮೂಗು ಮುರಿಯಿತು.

"ಅಜ್ಜಾ, ನಿಮ್ಮ ಕಾಲದವರಿಗೆ ಫ್ಯಾನು ಮಾಡುವುದನ್ನು ಕಂಪನಿ ನಿಲ್ಲಿಸಿ ಎಷ್ಟೋ ಕಾಲವಾಯಿತು. ಸುಮ್ಮನೆ ಗುಜರಿಗೆ ಹೋಗಿ."

"ಹೆತ್ತವರೇ ಕೈಬಿಟ್ಟರೆ ಇನ್ಯಾರನ್ನು ಕೇಳಲಿ?" ಎಂದು ಹಳೆಯದು ಸಿಡುಕಿತು.

ಅಷ್ಟರಲ್ಲಿ ಮ್ಯಾನೇಜರು ಯಾರಿಗೋ ಬಿಲ್ಲು ಕೊಡಲು, ಮೇಜಿನ ಕೆಳಗಿದ್ದ, ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ಕಂಪ್ಯೂಟರೊಂದನ್ನು ತಟ್ಟಿ ಎಬ್ಬಿಸಿದರು.

ಹಳೆಯದು ಕಣ್ಣರಳಿಸಿತು. "ತಮ್ಮಾ, ನೀನು ನನ್ನ ಜೊತೆಯವನಲ್ಲವೇ! ನಿನ್ನ ಫ್ಯಾನು ಹೇಗೆ ತಿರುಗುತ್ತಿದೆ?"

"ಕೆಟ್ಟಾಗಲೆಲ್ಲ ಇವರೇ ಗುಜರಿ ಅಂಗಡಿಯಿಂದ ತಂದು ಹಾಕಿಸುತ್ತಾರಣ್ಣ."

ಹಳೆಯದು ಲ್ಯಾಪ್‌ಟಾಪಿನತ್ತ ತಿರುಗಿತು. "ನೀನು ಹೇಳಿದ್ದು ಸರಿ ಮಗು, ಗುಜರಿಗೇ ಹೋಗುತ್ತೇನೆ. ಆ ಅಂಗಡಿಯ ವಿಳಾಸ ನೀನೂ ಕೇಳಿಟ್ಟುಕೋ, ನಾಳೆ ನಿನಗೂ ಬೇಕಾಗುತ್ತದೆ."