ತಾಡಪತ್ರಿ ಹೊದ್ದ ಟ್ಯಾಂಕು

ನದಿಯ ಆಚೆ ದಂಡೆಯಲ್ಲಿ ದಾವಲ್ ಅಜ್ಜನ ಒಂದು ಕೋಣೆ. ಅಲ್ಲಿ ಅವನು ಟ್ಯಾಂಕು ಕಟ್ಟುವುದನ್ನು ಕಲಿಸುತ್ತಿದ್ದ. ಯುದ್ಧದ ಟ್ಯಾಂಕು, ಅಂಗೈ ಮೇಲೆ ಕೂರುವಷ್ಟು ಸಣ್ಣದು.

ಪ್ಲಾಸ್ಟಿಕ್ ಹಾಳೆ, ಅಂಟು, ಅರ, ಕುಂಚ. ಸಾಮಾನು ಇಷ್ಟೇ.

ನಿಜವಾದ ಟ್ಯಾಂಕನ್ನು ಅಜ್ಜ ಕಂಡದ್ದು ಜೀವಮಾನದಲ್ಲಿ ಒಮ್ಮೆ. ಗೂಡ್ಸ್ ರೈಲಿನ ಮೇಲೆ ಹೋಗುತ್ತಿತ್ತು. ಮೇಲೆ ತಾಡಪತ್ರಿ, ಅಂದರೆ ದಪ್ಪ ಟಾರ್ಪಾಲು, ಹೊದಿಸಿ ಹಗ್ಗ ಬಿಗಿದಿದ್ದರು.

"ಹಂಗಾರ ನೀವು ನೋಡಿದ್ದು ಬರೇ ತಾಡಪತ್ರಿ," ಎಂದು ಯಾರಾದರೂ ನಕ್ಕರೆ ಅಜ್ಜ ತಲೆಯಾಡಿಸುತ್ತಿದ್ದ.

"ಹೌದಪಾ. ಏನ್ ಚಂದ ಬಿಗದಿದ್ರಂತಿ!"

ಅವನ ಶಿಷ್ಯ ಯಮನೂರ. ಕೈ ಚುರುಕು. ಊರಲ್ಲಿ ಅವನಿಗೆ ಆಟಿಗಿ ಯಮನೂರ ಎಂದು ಹೆಸರು ಬಿದ್ದಿತ್ತು. ಮೀಸೆ ಬಂದ ಮೇಲೂ ಆಟಿಕೆ ಸಾಮಾನು ಹಿಡಿದು ಕೂರುವವನು ಎಂದು. ಹೆಸರಿಟ್ಟವನು ಹೊರಗಿನವನಲ್ಲ, ಅವನ ಅಪ್ಪ.

"ಬಂಗಾರದ ಪದಕ ಒಂದು ಬಂದ್ರ ಸಾಕ್ರಿ ಅಜ್ಜಾರ," ಎನ್ನುತ್ತಿದ್ದ ಯಮನೂರ. "ಅಪ್ಪನ ಕಣ್ಣಿಗೆ ಬೀಳೂವಂಗ ಗ್ವಾಡಿಗೆ ಹಾಕ್ತೀನಿ. ಅವತ್ತಿಗೆ ಆ ಹೆಸರು ಹೋಗತೈತಿ."

"ಗ್ವಾಡಿಗೆ ಮೊಳಿ ಹೊಡದೀಯೇನು?"

"ಹೊಡದೀನ್ರಿ."

"ಅರ್ಧ ಕೆಲಸ ಆತು ಬಿಡು," ಎಂದ ಅಜ್ಜ.

ಪದಕ ಕೊಡುವುದು ಸಣ್ಣ ಟ್ಯಾಂಕಿನ ಸಂಘ. ವರ್ಷಕ್ಕೊಮ್ಮೆ ಪೇಟೆಯ ಮಂಗಳ ಕಾರ್ಯಾಲಯದಲ್ಲಿ ಅದರ ಸ್ಪರ್ಧೆ.

ಸಂಘದಲ್ಲಿ ಒಂದು ಪದ್ಧತಿ ಇತ್ತು. ತೀರ್ಪು ಕೊಡುವವರು ಯಾವ ಟ್ಯಾಂಕನ್ನೂ ಕೈಯಿಂದ ಮುಟ್ಟುವಂತಿಲ್ಲ. ಕಾಗದದ ಒಂದು ಚೂರನ್ನು ಗಾಲಿಗೂ ಅದರ ಕೆಳಗಿನ ಸರಪಳಿಗೂ ನಡುವೆ ತೂರಿಸಿ ನೋಡುತ್ತಾರೆ. ಕಾಗದ ಆಚೆ ಹೊರಟಿತೋ, ಗಾಲಿ ಊರಿಲ್ಲ ಎಂದು ಅರ್ಥ. ಗಾಲಿ ಊರದ ಟ್ಯಾಂಕಿಗೆ ಪದಕವಿಲ್ಲ.

ಹೋದ ವರ್ಷ ಯಮನೂರನ ಟ್ಯಾಂಕಿನ ಒಂದು ಗಾಲಿಯ ಕೆಳಗೆ ಕಾಗದ ಸರಕ್ಕನೆ ಹೊರಟಿತ್ತು.

ಮರಳಿ ಬಂದವನೇ ಅವನು ಆ ಟ್ಯಾಂಕನ್ನು ದಂಡೆಯ ಜೊಂಡುಹುಲ್ಲಿನೊಳಗೆ ಎಸೆದ.

ಅಜ್ಜ ನೋಡಿದ.

ಈ ವರ್ಷ ಯಮನೂರ ಹೊಸದೊಂದನ್ನು ಕಟ್ಟಿದ. ಕನ್ನಡಿಯ ತುಂಡಿನ ಮೇಲಿಟ್ಟು ಒಂದೊಂದೇ ಗಾಲಿ ಕೂರಿಸಿದ. ಎಲ್ಲವೂ ಊರಿದವು.

ಆಮೇಲೆ ಒಳಗನ್ನು ಕಟ್ಟಲು ಕುಳಿತ. ಡ್ರೈವರನ ಸೀಟು, ಗುಂಡುಗಳ ಸಾಲು, ಎಂಜಿನ್ನು. ಸೀಟಿನ ಪಕ್ಕಕ್ಕೆ ಅಕ್ಕಿಕಾಳಿನಷ್ಟು ಒಂದು ನೀರಿನ ಬಾಟಲಿ.

ಮೇಲ್ಭಾಗ ಅಂಟಿಸುವ ದಿನ ಬಂತು. ಯಮನೂರನ ಕೈ ಮುಂದೆ ಹೋಗಲಿಲ್ಲ.

"ಅಜ್ಜಾರ, ಬಾಗಿಲಾ ಹಾಕಿದ್ರ ಒಳಗಿಂದು ಯಾರಿಗೆ ಕಾಣಬೇಕ್ರಿ?"

"ಯಾರಿಗೂ ಕಾಣಂಗಿಲ್ಲ."

"ಮತ್ತ ಇಷ್ಟೆಲ್ಲಾ ಮಾಡಿದ್ದು ಯಾಕ?"

"ನಾ ಮಾಡಂದಿದ್ನೇನು?"

ಯಮನೂರ ಪೆಚ್ಚಾದ. ಅಜ್ಜ ಚಹಾ ಕುದಿಸಲು ಎದ್ದ.

"ಈಗ ಏನ್ ಮಾಡ್ಲಿ ಹೇಳ್ರಲ್ಲ."

"ಬಾಗಿಲಾ ಹಾಕು."

ಯಮನೂರ ಹಾಕಲಿಲ್ಲ. ಮೇಲಿನ ಬಾಗಿಲು, ಡ್ರೈವರನ ಬಾಗಿಲು, ಹಿಂದಿನ ಎಂಜಿನ್ನಿನ ಬಾಗಿಲು, ಎಲ್ಲವನ್ನೂ ತೆರೆದ ಹಾಗೆಯೇ ಅಂಟಿಸಿದ.

ಅಜ್ಜ ಸುತ್ತ ತಿರುಗಿ ನೋಡಿದ.

"ಇದು ಯುದ್ಧಕ್ಕ ಹೊಂಟೈತೋ, ಬಾಡಗಿ ಮನಿ ತೋರಸಾಕ ನಿಂತೈತೋ?"

ಯಮನೂರ ನಗಲಿಲ್ಲ.

ಸ್ಪರ್ಧೆ ಹತ್ತಿರ ಬಂದಾಗ ಅಜ್ಜ ತಾನೂ ಒಂದನ್ನು ಹಿಡಿದ. ಅವನು ಎಂದೂ ಸ್ಪರ್ಧೆಗೆ ಇಟ್ಟವನಲ್ಲ. ದಿನಾ ಸಂಜೆ ಯಮನೂರ ಊರಿಗೆ ಹೋದ ಮೇಲೆ ಒಬ್ಬನೇ ಕೂತು ಮಾಡುತ್ತಿದ್ದ.

ಶಿಷ್ಯನ ಕಣ್ಣಿಗೆ ಬಿದ್ದಾಗ ಅದು ಮುಗಿದಿತ್ತು. ಗೂಡ್ಸ್ ರೈಲಿನ ಒಂದು ವ್ಯಾಗನ್ನು. ಅದರ ಮೇಲೆ ಉಬ್ಬಿಕೊಂಡು ಕೂತ ತಾಡಪತ್ರಿ. ತೆಳು ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ಹೊದಿಸಿದ್ದ. ಅದು ಇಳಿಬಿದ್ದು ಮಡಿಕೆ ಮಡಿಕೆಯಾಗಿ ಒಣಗಿತ್ತು. ಹಸಿರು ಬಣ್ಣ, ದಾರದ ಹಗ್ಗ, ಮೇಲೊಂದಿಷ್ಟು ದಾರಿಯ ಧೂಳು.

"ಒಳಗೇನ್ ಇಟ್ಟೀರಿ ಅಜ್ಜಾರ?"

"ಹೊಚ್ಚಿ ಮುಗಸಿದ ಮ್ಯಾಲೆ ಬಂದು ಕೇಳ್ತಿ ನೋಡು," ಎಂದ ಅಜ್ಜ.

ಮಂಗಳ ಕಾರ್ಯಾಲಯದಲ್ಲಿ ಮದುವೆಯ ಊಟದ ಮೇಜುಗಳನ್ನು ಸಾಲಾಗಿ ಇಟ್ಟಿದ್ದರು. ಅವುಗಳ ಮೇಲೆ ಟ್ಯಾಂಕುಗಳು. ತೀರ್ಪಿಗೆ ನೀಲಾಂಬಕ್ಕ ಬಂದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಾಗದದ ಚೂರು. ಅವಳ ಹಿಂದೆ ಅಂಕ ಬರೆದುಕೊಳ್ಳುವ ರಾಚೋಟಪ್ಪ.

ಯಮನೂರನ ಟ್ಯಾಂಕಿನ ಮುಂದೆ ಅವಳು ಬಗ್ಗಿದಳು. ಕಾಗದ ಎಲ್ಲಿಯೂ ತೂರಲಿಲ್ಲ.

"ಎಲ್ಲಾ ಊರ್ಯಾವು. ಬರ್ಕೋರಿ."

ಯಮನೂರ ಉಸಿರು ಬಿಟ್ಟ.

ಟಾರ್ಚಿನ ಬೆಳಕು ತೆರೆದ ಬಾಗಿಲಿನಿಂದ ಒಳಗೆ ಇಳಿಯಿತು. "ಅಯ್ಯ, ನೀರಿನ ಬಾಟ್ಲಿನೂ ಇಟ್ಟಾನ ನೋಡ್ರಿ!" ಜನ ಮೈಮೇಲೆ ಬಿದ್ದು ಇಣುಕಿದರು.

ಬೆಳಕು ಒಂದು ಕಡೆ ನಿಂತಿತು.

"ಸೀಟಿನ ಮ್ಯಾಲೆ ಇದೇನೋ ತಮ್ಮಾ?"

ಯಮನೂರ ನೋಡಿದ. ಅಂಟು ಒಣಗುವ ಮೊದಲು ತಾಗಿದ ಅವನದೇ ಹೆಬ್ಬೆರಳಿನ ಗುರುತು. ಸೀಟಿನ ಅಗಲಕ್ಕೂ ಅದೇ ಇತ್ತು.

"ಇಷ್ಟು ದೊಡ್ಡ ಹೆಬ್ಬಟ್ಟಿನ ಡ್ರೈವರ್ ಈ ಬಾಗಿಲದಾಗ ಹೆಂಗ ಹಿಡಸಿದ್ನಪಾ?" ಎಂದ ರಾಚೋಟಪ್ಪ. ಎಲ್ಲರೂ ನಕ್ಕರು.

"ಸಣ್ಣ ತಪ್ಪು, ಇರ್ಲಿ," ಎಂದಳು ನೀಲಾಂಬಕ್ಕ. "ಇದರ ಸಮಕ್ಕ ಇಲ್ಲಿ ಮತ್ತೊಂದಿಲ್ಲ."

ಆಮೇಲೆ ಅವಳು ಕೊನೆಯ ಮೇಜಿಗೆ ಹೋದಳು. ಅಜ್ಜನ ವ್ಯಾಗನ್ನಿನ ಮುಂದೆ ನಿಂತಳು. ಟಾರ್ಚು ಹಿಡಿದು ಒಂದೊಂದೇ ಮಡಿಕೆ ನೋಡಿದಳು.

"ಒಳಗ ಟ್ಯಾಂಕ್ ಐತೇನ್ರಿ ಅಜ್ಜಾರ?"

"ನಿಮಗೇನ್ ಕಾಣಸ್ತೈತ್ರಿ ಅಕ್ಕಾರ?"

"ತಾಡಪತ್ರಿ."

"ನನಗೂ ಅವತ್ತು ಅಷ್ಟ ಕಂಡಿತ್ರಿ."

ರಾಚೋಟಪ್ಪನಿಗೆ ತಡೆಯಲಾಗಲಿಲ್ಲ. "ಒಳಗ ಕಟಗಿ ತುಂಡು ಇದ್ರ? ಇದು ಟ್ಯಾಂಕಿನ ಸ್ಪರ್ಧೆ ಐತ್ರಿ, ತಾಡಪತ್ರಿದಲ್ಲ."

"ಕಟಗಿ ಮ್ಯಾಲೆ ಹೊಚ್ಚಿದ್ರ ಹಿಂಗ ಬೀಳಂಗಿಲ್ಲ," ಎಂದಳು ನೀಲಾಂಬಕ್ಕ.

"ಎತ್ತಿ ನೋಡಿಬಿಡ್ರಿ ಅತ್ಲಾಗ."

"ಮುಟ್ಟಂಗಿಲ್ಲ. ಹೊಸಬರಂಗ ಮಾತಾಡ್ತೀರಲ್ಲ." ನೀಲಾಂಬಕ್ಕ ಅಜ್ಜನ ಕಡೆ ತಿರುಗಿದಳು. "ನೀವ ಹೇಳ್ರಿ. ನಿಮ್ಮ ಮಾತ ನಂಬತೀವಿ."

"ನನ್ನ ಯಾಕ ಕೇಳ್ತೀರಿ? ಕಟ್ಟಿದಾಂವನ್ನ ಕೇಳ್ರಿ."

ಅಜ್ಜ ಗದ್ದ ಎತ್ತಿ ಯಮನೂರನನ್ನು ತೋರಿಸಿದ. ಆಮೇಲೆ ಚಹಾದ ಲೋಟ ಹಿಡಿದು ಕಿಟಕಿಯ ಕಡೆ ಹೋದ.

ಎಲ್ಲರೂ ಯಮನೂರನನ್ನು ನೋಡಿದರು.

"ನೀ ಹೇಳಪಾ," ಎಂದಳು ನೀಲಾಂಬಕ್ಕ. "ಒಳಗ ಟ್ಯಾಂಕ್ ಇದ್ರ ಬಂಗಾರ ಇದಕ್ಕ. ಇಲ್ಲಂದ್ರ ನಿನಗ. ಐತ್ಯೋ, ಇಲ್ಲೋ?"

ಯಮನೂರನಿಗೆ ತಿಳಿದಿರಲಿಲ್ಲ. ಗೊತ್ತಿಲ್ಲ ಎಂದರೂ ನಡೆಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ.

ಅವನು ಬಗ್ಗಿ ನೋಡಿದ.

ತೋಪಿನ ನಳಿಗೆಯ ಬುಡದ ಹತ್ತಿರ ತಾಡಪತ್ರಿ ಸಣ್ಣಗೆ ಉಬ್ಬಿತ್ತು. ಉಬ್ಬು ನೆಟ್ಟಗಿರಲಿಲ್ಲ, ಎಡಕ್ಕೆ ಬಾಗಿತ್ತು. ಅದು ದೀಪ. ಹೋದ ವರ್ಷ ಅವನ ಕೈ ಜಾರಿ ಸೊಟ್ಟಗೆ ಅಂಟಿಕೊಂಡಿದ್ದ ದೀಪ. ಅದನ್ನು ಬಲ್ಲವರು ಈ ಲೋಕದಲ್ಲಿ ಇಬ್ಬರೇ.

ಗೋಡೆಯ ಮೊಳೆ ಅವನ ಕಣ್ಣ ಮುಂದೆ ಬಂತು. ಅದರ ಕೆಳಗೆ ಮಂಚದ ಮೇಲೆ ಕೂತ ಅಪ್ಪನೂ ಬಂದ.

"ಐತ್ರಿ," ಎಂದ ಯಮನೂರ.

"ಹೆಂಗ ಹೇಳ್ತಿ?"

"ಅದರ ಒಂದು ಗಾಲಿ ಊರಿಲ್ರಿ."

ರಾಚೋಟಪ್ಪನಿಗೆ ಹುರುಪು ಬಂತು. "ಗಾಲಿ ಊರಿಲ್ಲಂದ್ರ ಪದಕ ಎಲ್ಲಿದ್ರಿ? ಹೊಡದ್ಹಾಕ್ಲೇನು?"

ನೀಲಾಂಬಕ್ಕ ಕಾಗದದ ಚೂರು ಹಿಡಿದು ಮಂಡಿಯೂರಿದಳು. ತಾಡಪತ್ರಿ ಸುತ್ತಲೂ ವ್ಯಾಗನ್ನಿನ ಹಲಗೆಯವರೆಗೆ ಇಳಿದಿತ್ತು. ಒಂದು ಕಡೆಯಿಂದ ನೋಡಿದಳು, ಇನ್ನೊಂದು ಕಡೆಯಿಂದ ನೋಡಿದಳು. ಕಾಗದ ತೂರಿಸಲು ಸಂದು ಸಿಗಲಿಲ್ಲ.

"ಕಾಗದ ಹೋಗವಲ್ದು," ಎಂದು ಎದ್ದಳು. "ಊರೇತಿ ಅಂತ ಬರ್ಕೋರಿ."

"ಅಕ್ಕಾರ, ಅಂವ ಬಾಯಿಬಿಟ್ಟು ಹೇಳ್ಯಾನಲ್ರಿ!"

"ಪದ್ಧತಿ ಕಾಗದದ್ದು, ಬಾಯಿದಲ್ಲ."

ಬಂಗಾರ ಅಜ್ಜನ ವ್ಯಾಗನ್ನಿಗೆ ಹೋಯಿತು. ಯಮನೂರನಿಗೆ ಬೆಳ್ಳಿಯೂ ಬರಲಿಲ್ಲ. ಬಂಗಾರ ಬಿಟ್ಟರೆ ಸಂಘದಲ್ಲಿ ಬೇರೆ ಪದಕವೇ ಇರಲಿಲ್ಲ.

ಸಂಜೆ ಇಬ್ಬರೂ ದೋಣಿಯಲ್ಲಿ ಮರಳಿದರು. ಅಜ್ಜ ಹುಟ್ಟು ಹಾಕುತ್ತಿದ್ದ. ವ್ಯಾಗನ್ನು, ಬಾಗಿಲು ತೆರೆದ ಟ್ಯಾಂಕು, ಎರಡೂ ನಡುವಿನ ಹಲಗೆಯ ಮೇಲಿದ್ದವು.

ದೋಣಿ ನಡುಹೊಳೆಗೆ ಬಂತು. ಯಮನೂರ ಕೇಳಿದ.

"ಒಗದಿದ್ದನ್ನ ಯಾಕ ಆರಿಸಿ ತಂದ್ರಿ?"

"ಜೊಂಡಿನಾಗ ಬಿದ್ದಿತ್ತು. ಥಂಡಿ ಹತ್ತಿತ್ತು ಪಾಪ. ಹೊಚ್ಚಿದೆ."

ಅಜ್ಜ ಹುಟ್ಟು ಬಿಟ್ಟು, ಅಂಗಿಯ ಜೇಬಿನಿಂದ ಪದಕ ತೆಗೆದು ಚಾಚಿದ.

"ಹಿಡಿ. ಮೊಳಿ ಖಾಲಿ ಐತೆಲ್ಲ."

"ಇದು ನಿಮ್ಮದ್ರಿ."

"ತಾಡಪತ್ರಿ ನಂದು. ಟ್ಯಾಂಕ್ ಯಾರದು?"

ಯಮನೂರ ಪದಕ ನೋಡಿದ, ವ್ಯಾಗನ್ನು ನೋಡಿದ. "ನಾ ಕಟ್ಟಿದ ಟ್ಯಾಂಕ್ ಅಂದ್ರ ಅಪ್ಪ ನಂಬಂಗಿಲ್ರಿ. ಎಲ್ಲೈತಿ ಟ್ಯಾಂಕ್ ಅಂತಾನ."

"ತಗದು ತೋರಸು."

ಯಮನೂರ ವ್ಯಾಗನ್ನನ್ನು ತೊಡೆಯ ಮೇಲಿಟ್ಟುಕೊಂಡ. ತಾಡಪತ್ರಿಯ ಒಂದು ಮೂಲೆಗೆ ಉಗುರು ಕೊಟ್ಟ. ಕಾಗದ ಹಪ್ಪಳದಂತೆ ಗರಿಗರಿಯಾಗಿತ್ತು. ಎತ್ತಿದರೆ ಚೂರುಚೂರಾಗಿಯೇ ಬರಬೇಕು.

ಆಗ ಅವನಿಗೆ ಇನ್ನೊಂದು ಯೋಚನೆ ಬಂತು.

"ಅಜ್ಜಾರ, ಒಳಗ ಖರೇನ ಐತಿಲ್ರಿ? ಸೊಟ್ಟ ದೀಪದ ಜಾಗಾದಾಗ ಬರೇ ಒಂದು ಮುರದ ಕಡ್ಡಿ ಇಟ್ಟಿಲ್ಲ ಹೌದಿಲ್ರಿ?"

"ಎಲ್ಲಾರ ಮುಂದ ಐತಿ ಅಂದಾಂವ ನೀನು. ನನ್ನ ಯಾಕ ಕೇಳ್ತಿ?"

ದೋಣಿ ತನ್ನ ಪಾಡಿಗೆ ತೇಲುತ್ತಿತ್ತು. ಯಮನೂರನ ಉಗುರು ಮೂಲೆಯಲ್ಲೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ಅವನು ಕೈ ತೆಗೆದ. ಒಂದು ಕಡೆ ದಾರದ ಹಗ್ಗ ಸಡಿಲಾಗಿತ್ತು. ಅದನ್ನು ಎಳೆದು ಬಿಗಿದ. ವ್ಯಾಗನ್ನನ್ನು ಮತ್ತೆ ಹಲಗೆಯ ಮೇಲಿಟ್ಟ. ಪದಕವನ್ನು ಅದರ ಪಕ್ಕದಲ್ಲಿಟ್ಟ.

"ಇರ್ಲಿ ಬಿಡ್ರಿ," ಎಂದ.

ಅಜ್ಜ ಹುಟ್ಟು ಹಿಡಿದ.

"ಅಪ್ಪ ಕೇಳಿದ್ರ ಏನ್ ಹೇಳ್ಲಿ?"

"ಆಟಿಗಿ ಸಾಮಾನು ಅಂತ ಹೇಳು."

ಯಮನೂರನಿಗೆ ಅಂದು ಮೊದಲ ಸಲ ನಗೆ ಬಂತು.

ದೋಣಿ ದಂಡೆಗೆ ತಾಗಿತು. ಅಜ್ಜ ಧೋತರ ಎತ್ತಿಕೊಂಡು ನೀರಿಗಿಳಿದ. ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗಿ ನೋಡಿದ.

"ನಾಳೆ ಬಂದಾವನ ನಿನ್ನ ಟ್ಯಾಂಕಿನ ಬಾಗಿಲಾ ಹಾಕು. ಡ್ರೈವರನ ಕುಡಿಯೂ ನೀರಾಗ ಧೂಳ ಬೀಳಾಕತ್ತೈತಿ."